ಬೈಗುಳದ ಹಗ್ಗ

ಬಿರಡಕ್ಕನನ್ನು ನಾನು ಮೊದಲು ನೋಡಿದಾಗ ಅವಳು ಲಾರಿಯಷ್ಟು ದೊಡ್ಡದೊಂದು ಮರದ ಪೀಪಾಯಿಯ ಪುಟ್ಟ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಇನ್ನೂ ಹಚ್ಚದ ಮೇಣದಬತ್ತಿ, ಮಡಿಲಲ್ಲಿ ಸುರುಳಿ ಸುತ್ತಿದ ಹಗ್ಗ. ಎದುರಿಗೆ ಟಿಕೆಟ್ ಕೊಂಡು ಒಳಗೆ ಬಂದ ನಾವು ಮೂವತ್ತು ಮಂದಿ. ನಮಗೂ ಅವಳಿಗೂ ನಡುವೆ ಕೋಟು ತೊಟ್ಟ ಮ್ಯಾನೇಜರು.

"ಏಳಮ್ಮ. ಹೊರಗಿನವರು ಬಂದಿದಾರೆ," ಅಂದರು ಮ್ಯಾನೇಜರು, ನಗುನಗುತ್ತಲೇ.

"ಹೊರಗಿನವರು ಬಂದಿದಾರೆ ಅಂತಾನೇ ಕೂತಿರೋದು. ಇಲ್ದಿದ್ರೆ ಇಷ್ಟೊತ್ತಿಗೆ ನನ್ನ ಎತ್ತಿ ಆಚೆ ಹಾಕಿರ್ತಿದ್ರಿ."

ಮ್ಯಾನೇಜರ ನಗು ಹಲ್ಲಿನ ಮೇಲೇ ಒಣಗಿತು. ಅವರ ಪಕ್ಕದಲ್ಲಿ ಇನ್ನೊಬ್ಬಳು ಹೆಂಗಸು ನಿಂತಿದ್ದಳು: ಇಸ್ತ್ರಿ ಮಾಡಿದ ಬಿಳಿ ಮೇಲುಡುಪು, ಎದೆಯ ಮೇಲೆ ಕಂಪನಿಯ ಹೆಸರು, ಕೈಯಲ್ಲಿ ಉದ್ದನೆಯ ಬ್ಯಾಟರಿ ದೀಪ. ಕೂತವಳಷ್ಟೇ ಕುಳ್ಳಿ, ಅದೇ ಮೂಗು. ಅವಳು ಕೂತವಳನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದಳು. ಇಬ್ಬರಿಗೂ ಮಾತಿಲ್ಲ ಅನ್ನುವುದು ತಿಳಿಯಲು ಅಷ್ಟು ಸಾಕಾಗಿತ್ತು.

ನಾವು ಬಂದದ್ದು ವೈನ್ ಕುಡಿಯಲು. ಇದರಲ್ಲಿ ಸುಳ್ಳು ಹೇಳಿ ಆಗಬೇಕಾದ್ದೇನಿಲ್ಲ. ಬಸ್ಸು ಬೆಟ್ಟದ ಬುಡದಲ್ಲಿ ಇಳಿಸಿತ್ತು. ಅಲ್ಲಿಂದ ಮೇಲಕ್ಕೆ ಬರೀ ಮೆಟ್ಟಿಲು, ಮೆಟ್ಟಿಲ ಅಕ್ಕಪಕ್ಕ ಮನೆ, ಮನೆಗಳ ಹಿಂದೆ ಮತ್ತೆ ಮೆಟ್ಟಿಲಿನ ಹಾಗೆಯೇ ಕೊರೆದ ದ್ರಾಕ್ಷಿ ತೋಟ. ಒಂದೊಂದು ಮನೆಗೂ ನೆಲದ ಮಟ್ಟಕ್ಕಿಂತ ಕೆಳಗೆ ಒಂದು ಅಗಲದ ಬಾಗಿಲು. ಹಿಂದೆ ಅದರೊಳಗೆ ದ್ರಾಕ್ಷಿ ಹಿಂಡುತ್ತಿದ್ದರು, ಈಗ ಪ್ರವಾಸಿಗಳನ್ನು ಹಿಂಡುತ್ತಾರೆ. ಬೀದಿ ಎಷ್ಟು ಇಕ್ಕಟ್ಟೆಂದರೆ ಚೀಲ ಹಿಡಿದ ಇಬ್ಬರು ಎದುರಾದರೆ ಯಾರು ಹಿಂದಕ್ಕೆ ಹೋಗಬೇಕೆಂದು ಅಲ್ಲೇ ಪಂಚಾಯಿತಿ ಆಗಬೇಕು. ಗೋಡೆಗೊಂದು ಫಲಕ, ಫಲಕಕ್ಕೊಂದು ಇಸವಿ. ಕೈಗೆ ಕೊಟ್ಟ ಹಾಳೆಯಲ್ಲಿ ಪರಂಪರೆ ಅನ್ನುವ ಪದ ಹದಿನಾಲ್ಕು ಸಲ ಇತ್ತು. ಉಸಿರು ಬಿಡಲು ನಿಂತ ಕಡೆಯಲ್ಲೆಲ್ಲ ಎಣಿಸಿದೆ. ಪೀಪಾಯಿ ತೊಳೆಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈ ಸಾಲುಗಳು ಆ ಕೊರತೆಗೆ. ಮುಂದೆ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಆ ಮಧ್ಯಾಹ್ನ ಬಿರಡಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿದ್ದು. ಕೇಳುವಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅವಳಿಗೆ ಬಿರಡೆ, ಅಂದರೆ ಬಾಟಲಿಯ ಬಾಯಿ ಮುಚ್ಚುವ ಬೆಣೆ, ಅನ್ನುವ ಹೆಸರು ಬಿದ್ದದ್ದು ಹದಿನಾರನೇ ವಯಸ್ಸಿಗೆ, ಮೈಕಟ್ಟು ನೋಡಿ. ಗಿಡ್ಡಗೆ, ಗಟ್ಟಿಯಾಗಿ, ಯಾವ ತೂತಿಗಾದರೂ ಸರಿಹೊಂದುವ ಹಾಗಿದ್ದಳು. ಆ ಊರಿನಲ್ಲಿ ಇದು ಬೈಗುಳ ಅಲ್ಲ, ಅರ್ಹತೆ. ವೈನ್ ತೆಗೆದಾದ ಮೇಲೆ ಪೀಪಾಯಿಯ ತಳದಲ್ಲಿ ಗಸಿ ಕೂರುತ್ತದೆ, ಕಾಫಿ ಲೋಟದ ತಳದಲ್ಲಿ ಕೂತ ಚರಟದಂತೆ, ಆದರೆ ಗೇಣುದ್ದ. ಅದನ್ನು ಒಳಗೆ ಹೋಗಿಯೇ ಕೆರೆದು ತೆಗೆಯಬೇಕು. ಪೀಪಾಯಿಯ ಮುಂಭಾಗದಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಊಟದ ತಟ್ಟೆಗಿಂತ ಒಂದು ಗೇಣು ದೊಡ್ಡದಾದ ಬಾಗಿಲಿದೆ. ಮೊದಲು ಒಂದು ಕೈಯನ್ನು ಕಿವಿಗೆ ಒತ್ತಿ ಒಳಗೆ ಚಾಚಬೇಕು, ಆಮೇಲೆ ತಲೆ, ಆಮೇಲೆ ಭುಜವನ್ನು ಓರೆ ಮಾಡಿ ತಿರುಪಿಕೊಂಡು ಜಾರಬೇಕು. ಹುಟ್ಟಿದ ದಾರಿಯಲ್ಲೇ ವಾಪಸು ಹೋದ ಹಾಗೆ, ಎಂದಳು ಬಿರಡಕ್ಕ. ಗಂಡಸರ ಭುಜ ಅದರಲ್ಲಿ ತೂರುವುದಿಲ್ಲ. ಹಾಗಾಗಿ ಇದು ಹೆಂಗಸರ ಕೆಲಸ, ಅದೂ ಕುಳ್ಳಿಯರದ್ದು. ಎತ್ತರದ ಹುಡುಗಿಯರ ಮದುವೆ ಆ ಊರಿನಲ್ಲಿ ತಡವಾಗುತ್ತಿತ್ತಂತೆ.

ಒಳಗೆ ಕತ್ತಲಿಗಿಂತ ಕೆಟ್ಟದ್ದೊಂದು ಇರುತ್ತದೆ. ಹುದುಗಿದ ರಸದಿಂದ ಎದ್ದ ಗಾಳಿ, ಭಾರವಾಗಿ ತಳ ಸೇರಿ ಕೂರುತ್ತದೆ. ಬಣ್ಣವಿಲ್ಲ, ಕಣ್ಣಿಗೆ ಕಾಣದು. ಊರಿನವರು ಅದನ್ನು ಕೂತ ಗಾಳಿ ಅನ್ನುತ್ತಾರೆ. ಅದರೊಳಗೆ ತಲೆ ಹಾಕಿದವರು ನಾಲ್ಕು ಉಸಿರಿಗೆ ಅಲ್ಲೇ ಮಲಗುತ್ತಾರೆ. ಹಾಗಾಗಿ ಮೊದಲು ಕೋಲಿನ ತುದಿಗೆ ಮೇಣದಬತ್ತಿ ಕಟ್ಟಿ ಒಳಗೆ ಇಳಿಸುವುದು. ದೀಪ ಉಳಿದರೆ ಆಳು ಉಳಿಯುತ್ತದೆ. ದೀಪ ಆರಿದರೆ ಆ ದಿನ ಒಳಗೆ ಇಳಿಯುವ ಹಾಗಿಲ್ಲ, ಬಾಗಿಲು ತೆರೆದಿಟ್ಟು ಮನೆಗೆ ಹೋಗುವುದು.

ಅಷ್ಟೇ ಆಗಿದ್ದರೆ ಯಾವ ಊರಿನಲ್ಲೂ ಇರಬಹುದಾದ ಜಾಣತನ. ಇವರ ಜಾಣತನ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಒಳಗೆ ಹೋದವಳು ಗಸಿಯನ್ನು ಕೆದಕಿದಾಗ ಅದರಡಿ ಸಿಕ್ಕಿಕೊಂಡಿದ್ದ ಗಾಳಿ ಮತ್ತೆ ಏಳುತ್ತದೆ. ದೀಪವೇನೋ ಆರುತ್ತದೆ, ಆದರೆ ಮೇಲಿಂದ ನೀರು ತೊಟ್ಟಿಕ್ಕಿ ಆರಿತೋ ಗಾಳಿಗೆ ಆರಿತೋ ಎಂದು ಯೋಚಿಸುವಷ್ಟರಲ್ಲಿ ಯೋಚಿಸುವ ತಲೆಯೇ ಮಂಕಾಗಿರುತ್ತದೆ. ಅದಕ್ಕೆಂದು ಒಳಗಿನವಳ ಕಾಲಿಗೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಹೊರಗೆ ಇನ್ನೊಬ್ಬಳು ಕೂರುತ್ತಾಳೆ. ಕೂತು ಒಳಗಿನವಳನ್ನು ಬೈಯುತ್ತಾಳೆ, ಬಿಡುವಿಲ್ಲದೆ. ಒಳಗಿನವಳು ತಿರುಗಿ ಬೈಯಬೇಕು. ಐದು ಎಣಿಸುವಷ್ಟರಲ್ಲಿ ಉತ್ತರ ಬರದಿದ್ದರೆ ಹಗ್ಗ ಎಳೆಯುವುದು.

ಬೈಯೋದೇ ಯಾಕೆ, ಹಾಡು ಹೇಳಬಹುದಲ್ಲ ಎಂದು ಕೇಳಿದೆ.

"ಹಾಡಕ್ಕೆ ಮನಸ್ಸು ಬೇಕು. ಸುಸ್ತಾದೋಳು ಹಾಡಲ್ಲ, ಸುಮ್ನಾಗ್ತಾಳೆ. ಸುಸ್ತಾದ್ಳೋ ಸತ್ಳೋ ಹೆಂಗೆ ಗೊತ್ತಾಗ್ಬೇಕು? ಬೈದ್ರೆ ಹಂಗಲ್ಲ. ಅರ್ಧ ಜೀವ ಇದ್ರೂ ಉತ್ತರ ಬಂದೇ ಬರುತ್ತೆ."

ಹೀಗಾಗಿ ಈ ಕಸುಬಿಗೆ ಅತ್ತೆ ಸೊಸೆಯರ ಜೋಡಿಯೇ ಮೇಲು ಎಂದು ಲೆಕ್ಕ. ಓರಗಿತ್ತಿಯರಾದರೂ ನಡೆಯುತ್ತದೆ. ಇಬ್ಬರು ಓರಗಿತ್ತಿಯರು ಒಂದು ತಾಮ್ರದ ಹಂಡೆ ಯಾರಿಗೆ ಸೇರಬೇಕು ಅನ್ನುವ ಜಗಳವನ್ನು ಹನ್ನೊಂದು ವರ್ಷ, ಇನ್ನೂರು ಪೀಪಾಯಿಗಳಲ್ಲಿ ಆಡಿದ್ದರಂತೆ. ಹಂಡೆ ತೂತು ಬಿದ್ದ ಮೇಲೂ ಜಗಳ ಸೋರಲಿಲ್ಲ. ಏನಂದರೂ ಆಗಲಿ ಬಿಡು ಅನ್ನುವ ಸಾಧು ಹೆಂಗಸೊಬ್ಬಳಿದ್ದಳು. ಅವಳನ್ನು ಯಾರೂ ಪೀಪಾಯಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬೈಗುಳಕ್ಕೆ ಇದ್ದ ಕಟ್ಟು ಒಂದೇ, ಸತ್ತವರನ್ನು ಎಳೆದು ತರಬಾರದು. ಉಳಿದಂತೆ ಮೂಗು, ಮೈ, ಗಂಡ, ಅಡುಗೆ ಏನು ಬೇಕಾದರೂ ಆಗಬಹುದು. ಸಂಜೆ ಹೊರಗೆ ಬಂದು ಕೈಕಾಲು ತೊಳೆದರೆ ಅದೂ ತೊಳೆದುಹೋಗುತ್ತಿತ್ತು.

ಬಿರಡಕ್ಕನ ಜೋಡಿ ಅವಳ ಸ್ವಂತ ಅಕ್ಕ. ಪೀಪಾಯಿಗೆ ಬಾಯಿ ಚಿಕ್ಕದು, ಅಕ್ಕನಿಗೆ ದೊಡ್ಡದು. ಅಕ್ಕ ಒಳಗೆ, ತಂಗಿ ಹೊರಗೆ. ಅಕ್ಕ ಬೈಯುವುದನ್ನು ಕೇಳಲು ಪಕ್ಕದ ನೆಲಮಾಳಿಗೆಯವರು ಕೆಲಸ ನಿಲ್ಲಿಸಿ ಬರುತ್ತಿದ್ದರು. ಹೀಗೆ ಹತ್ತು ವರ್ಷ.

ಮೂವತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ ಹಳೇ ಧಣಿ ದೂರದ ಊರಿನಿಂದ ದೊಡ್ಡ ಖರೀದಿದಾರರನ್ನು ಕರೆದುಕೊಂಡು ಬಂದ. ಅವರು ವೈನನ್ನು ಬಾಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ, ಬಕೆಟ್ಟಿಗೆ ಉಗುಳುವ ದೊಡ್ಡ ಮನುಷ್ಯರು. ಅಕ್ಕ ಆಗಲೇ ಒಳಗಿದ್ದಳು. ಮೇಣದಬತ್ತಿ ಹಚ್ಚಿ ನೋಡಿಯೇ ಇಳಿದಿದ್ದಳು. ಧಣಿ ಹತ್ತಿರ ಬಂದು, ಬಿರಡೆ, ಹೆಸರಿಗೆ ತಕ್ಕ ಹಾಗೆ ಇವತ್ತೊಂದಿನ ಬಾಯಿ ಮುಚ್ಚಿಕೊಂಡಿರು ಎಂದ. ಖರೀದಿದಾರರು ನಕ್ಕರು. ಬಿರಡಕ್ಕನೂ ನಕ್ಕಳು. ಆ ಒಂದು ನಗು ಅವಳಿಗೆ ಇವತ್ತಿಗೂ ಹಲ್ಲಿನಲ್ಲಿ ಸಿಕ್ಕಿಕೊಂಡಿದೆ.

ಹೊರಗಿನಿಂದ ಬೈಗುಳ ನಿಂತದ್ದಕ್ಕೆ ಒಳಗಿನಿಂದ ಅಕ್ಕನ ದನಿ ಬಂತು: "ಏನೇ, ನಾಲಿಗೆ ಬಿದ್ದೋಯ್ತಾ?" ದೊಡ್ಡವರೆದುರು ತಂಗಿ ಉತ್ತರ ಕೊಡಲಿಲ್ಲ. ಉತ್ತರ ಇರದಿದ್ದಕ್ಕೆ ಅಕ್ಕನೂ ಸುಮ್ಮನಾದಳು, ಅಥವಾ ಸುಮ್ಮನಾದಳು ಎಂದು ತಂಗಿ ತಿಳಿದಳು. ಆ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಎರಡು ಲೋಟದ ರುಚಿ ನೋಡಿ ಉಗುಳಿದರು. ಅವರು ಮುಂದಿನ ಪೀಪಾಯಿಗೆ ಸರಿದ ಮೇಲೆ ಇವಳು ಹಗ್ಗ ಎಳೆದಳು. ಆಚೆಯಿಂದ ಭಾರ ಮಾತ್ರ ಬಂತು.

ಕಾಗದದಲ್ಲಿ ಹೃದಯಾಘಾತ ಎಂದು ಬರೆದರು. "ಅಕ್ಕನ ಹೃದಯಕ್ಕೆ ಏನೂ ಆಗಿರ್ಲಿಲ್ಲ. ಯಾರಿಗೆ ಹೃದಯ ಇರ್ಲಿಲ್ವೋ ಅವನು ಬರೆಸಿದ್ದು," ಎಂದಳು ಬಿರಡಕ್ಕ. ಹೇಳುವಾಗ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಾಳು ಮಾತ್ರ ಪಾತ್ರೆಗೆ ಬೀಳದೆ ಮೆಟ್ಟಿಲ ಮೇಲೆ ಉರುಳುತ್ತಿದ್ದವು.

ಅಕ್ಕನ ಮಗಳಿಗೆ ಆಗ ಮೂರು ವರ್ಷ. ಅವಳ ಅಪ್ಪ ಮೊದಲೇ ಊರು ಬಿಟ್ಟಿದ್ದ. ಬಿರಡಕ್ಕ ಮಗುವನ್ನು ತನ್ನ ಎರಡು ಕೋಣೆಯ ಮನೆಗೆ ತಂದು ಸಾಕಿದಳು. ಮದುವೆ ಮಾಡಿಕೊಳ್ಳಲಿಲ್ಲ; ಕೇಳಿದವರಿಗೆ ಈ ಮನೆಯಲ್ಲಿ ಬೈಯೋಕೆ ಒಬ್ಬಳು ಸಾಕು ಎಂದಳಂತೆ. ಉಳಿದ ಮನೆಗಳಲ್ಲಿ ಮಕ್ಕಳಿಗೆ ದೊಡ್ಡವರಿಗೆ ಎದುರು ಮಾತಾಡಬೇಡ ಎಂದು ಕಲಿಸಿದರೆ, ಇಲ್ಲಿ ಎದುರು ಮಾತಾಡದಿದ್ದರೆ ಊಟಕ್ಕೆ ತಡ. ನಾನು ಓದಿದ್ದು ತುಟಿಯ ಮೇಲೆ ಬೆರಳಿಟ್ಟು ಕೂರಿಸುವ ಕಾನ್ವೆಂಟಿನಲ್ಲಿ. ಇಂಥ ಮನೆಯಲ್ಲಿ ಬೆಳೆದಿದ್ದರೆ ಎಷ್ಟು ಮುಂದೆ ಬರುತ್ತಿದ್ದೆನೋ.

ಹದಿನೆಂಟು ತುಂಬಿದಾಗ ಹುಡುಗಿ ತಾನೂ ಪೀಪಾಯಿಗೆ ಇಳಿಯುತ್ತೇನೆ ಎಂದಳು. ಬಿರಡಕ್ಕ ಒಂದು ವಾರ ಅತ್ತು, ಎಂಟನೇ ದಿನ ಹಗ್ಗ ಹಿಡಿದು ಕೂತಳು. ಹದಿನೈದು ವರ್ಷ ಮಗಳು ಒಳಗೆ, ಚಿಕ್ಕಮ್ಮ ಹೊರಗೆ. ಒಂದು ದಿನವೂ, ಯಾವ ದೊಡ್ಡ ಮನುಷ್ಯ ಬಂದು ನಿಂತರೂ, ಬೈಗುಳ ನಿಲ್ಲಲಿಲ್ಲ.

ಎರಡು ವರ್ಷದ ಹಿಂದೆ ಧಣಿಯ ಮಕ್ಕಳು ಎಲ್ಲವನ್ನೂ ಕಂಪನಿಗೆ ಮಾರಿದರು, ಮ್ಯಾನೇಜರು ಬಂದರು. ಅದಕ್ಕೆ ಮುಂಚೆ ಹೋಟೆಲು ನೋಡಿಕೊಂಡಿದ್ದವರು. ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಅವರ ಬಳಿ ಪ್ರತಿಯೊಂದಕ್ಕೂ ಒಂದು ಕಾಗದ ಇತ್ತು. ಹಳೇ ಮರದ ಕಟ್ಟಡ, ಬೆಂಕಿ ಹಚ್ಚಬಾರದು ಎಂದು ವಿಮೆಯವರು ಹೇಳಿದ ಕಾಗದ. ಹಾಗಾಗಿ ಮೇಣದಬತ್ತಿ ಬಂದ್. ಬದಲಿಗೆ ಬ್ಯಾಟರಿ ದೀಪ. ನೀರಿಗೆ ಬಿದ್ದರೂ ಕೆಡದು, ಎರಡು ದಿನ ಉರಿಯುತ್ತದೆ, ಯಾವ ಗಾಳಿಗೂ ಆರುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಆರದೇ ಇರುವುದೇ ಅದರ ತಪ್ಪು ಎಂದು ಬಿರಡಕ್ಕ ಹೇಳಿದ್ದು ಮ್ಯಾನೇಜರಿಗೆ ತಮಾಷೆಯಾಗಿ ಕೇಳಿಸಿತು. ಹಾಗಾದರೆ ಗಾಳಿ ಅಳೆಯುವ ಮಷೀನು ಬರುತ್ತಲ್ಲ, ಅದನ್ನಾದರೂ ತರಿಸಿ ಎಂದಳು. ಬರೆದಿದ್ದೇವೆ ಎಂದರು. ಎಂಟು ತಿಂಗಳಿಂದ ಬರೆಯುತ್ತಲೇ ಇದ್ದರು. ಗಾಳಿ ಊದುವ ದೊಡ್ಡ ಫ್ಯಾನು ಇತ್ತು, ಆದರೆ ಅದರ ಸದ್ದಿಗೆ ಪ್ರವಾಸಿಗಳಿಗೆ ಪರಂಪರೆ ಕೇಳಿಸುತ್ತಿರಲಿಲ್ಲ. ಅವರು ಬರುವ ದಿನ ಅದನ್ನು ಹಾಕುವಂತಿಲ್ಲ. ಅವರು ದಿನಾ ಬರುತ್ತಿದ್ದರು.

ಬೈಗುಳವೂ ಬಂದ್. ಮಕ್ಕಳು ಮರಿ ಬರುತ್ತಾರೆ, ಸಭ್ಯತೆ ಇರಲಿ ಎಂದು ಇನ್ನೊಂದು ಕಾಗದ.

ಇದಕ್ಕೆಲ್ಲ ಸಹಿ ಹಾಕು ಎಂದಾಗ ಬಿರಡಕ್ಕ ಹಾಕಲಿಲ್ಲ. ಅವಳನ್ನು ಬಾಟಲಿಗೆ ಚೀಟಿ ಅಂಟಿಸುವ ಕೋಣೆಗೆ ಕಳಿಸಿದರು. ಮಗಳು ಸಹಿ ಹಾಕಿದಳು. ಕೆಲಸ ಕಾಯಂ ಆಗುತ್ತದೆ, ಕಾಲ ಬದಲಾಗಿದೆ, ಓದಿದವರು ನೋಡಿಯೇ ಮಾಡಿರುತ್ತಾರೆ, ಚಿಕ್ಕಮ್ಮನ ಹೆದರಿಕೆಯನ್ನು ತಾನು ಎಷ್ಟು ವರ್ಷ ಹೊರುವುದು, ಇವೆಲ್ಲ ಅವಳ ಕಾರಣಗಳು. ತಪ್ಪು ಕಾರಣಗಳು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಸಹಿ ಹಾಕಿ ಬಂದ ಸಂಜೆ ಅಡುಗೆಮನೆಯಲ್ಲಿ ಬಿರಡಕ್ಕ ಕಸುಬಿನ ಒಂದೇ ಕಟ್ಟನ್ನು ಮುರಿದಳು. ನಿನ್ನಮ್ಮ ಸತ್ತಿದ್ದು ದಂಡ ಎಂದುಬಿಟ್ಟಳು.

ಮಗಳು ತಿರುಗಿ ಬೈಯಲಿಲ್ಲ. ಬಾಣಲೆ ಕೆಳಗಿಟ್ಟು ಒಳಕೋಣೆಗೆ ಹೋದಳು. ಅಂದಿನಿಂದ ಹದಿನಾರು ದಿನ ಆ ಎರಡು ಕೋಣೆಯಲ್ಲಿ ಒಂದು ಮಾತಿಲ್ಲ. ತಟ್ಟೆ ಇಡುವ ಸದ್ದು, ನಲ್ಲಿಯ ಸದ್ದು, ಬಾಗಿಲಿನ ಸದ್ದು. ಬೈಗುಳದಲ್ಲಿ ಬೆಳೆಸಿದ ಮಗು ಮೌನದಲ್ಲಿ ಬೈಯುವುದನ್ನು ಎಲ್ಲಿ ಕಲಿಯಿತೋ.

ಹದಿನೇಳನೇ ದಿನ ನಾವು ಬಂದಿದ್ದೆವು. ಹೊಸ ಕಾರ್ಯಕ್ರಮದ ಮೊದಲ ದಿನ: ಪ್ರವಾಸಿಗಳ ಕಣ್ಣೆದುರೇ ಪೀಪಾಯಿಗೆ ಇಳಿದು ತೊಳೆಯುವುದು. ವೈನ್ ತೆಗೆದದ್ದು ಹಿಂದಿನ ಸಂಜೆ, ಬಾಗಿಲು ತೆರೆದದ್ದು ಅದೇ ಬೆಳಿಗ್ಗೆ. ಗಸಿ ಇನ್ನೂ ಒಳಗೆ ಗುಳುಗುಳು ಅನ್ನುತ್ತಿತ್ತು. ಚೀಟಿ ಅಂಟಿಸುವ ಕೋಣೆಯಲ್ಲಿ ಈ ಸುದ್ದಿ ಕೇಳಿದ ಬಿರಡಕ್ಕ ಅಂಟಿನ ಕೈಯಲ್ಲೇ ಇಳಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟಿದ್ದಳು.

"ಒಂದ್ಸಲ ಹಚ್ಚಿ ನೋಡ್ಬಿಡ್ತೀನಿ. ಉರಿದ್ರೆ ಎದ್ದು ಹೋಗ್ತೀನಿ," ಎಂದಳು.

ಮ್ಯಾನೇಜರು ನಮ್ಮ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. ಕೊನೆಗೆ ಕೈ ಬೀಸಿ ಆಗಲಿ ಅಂದರು. ಮುದುಕಿಯನ್ನು ಎತ್ತಿ ಹಾಕಿಸುವುದಕ್ಕಿಂತ ಅದು ಸುಲಭದ್ದಾಗಿತ್ತು.

ಅವಳು ಎದ್ದು, ಬತ್ತಿಯನ್ನು ದ್ರಾಕ್ಷಿ ಬಳ್ಳಿಯ ಒಣ ಕೋಲಿನ ತುದಿಗೆ ಕಟ್ಟಿ, ಹಚ್ಚಿದಳು. ಬಾಗಿಲಿನಿಂದ ನಿಧಾನವಾಗಿ ಒಳಗೆ, ಆಮೇಲೆ ಕೆಳಕ್ಕೆ ಇಳಿಸಿದಳು. ಒಳಗಿನ ಗೋಡೆ ಕೆಂಪಗೆ ಬೆಳಗಿತು. ದೀಪ ಒಂದು ಗೇಣು ಇಳಿಯುವಷ್ಟರಲ್ಲಿ ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಆರಿತು. ಹೊಗೆಯೂ ಮೇಲೆ ಬರಲಿಲ್ಲ. ಅವಳು ಮತ್ತೆ ಹಚ್ಚಿದಳು, ಮತ್ತೆ ಇಳಿಸಿದಳು. ಅದೇ ಜಾಗದಲ್ಲಿ ಆರಿತು. ಮೂರನೇ ಸಲ ಹಚ್ಚಿ, ಇನ್ನೂ ನಿಧಾನವಾಗಿ ಇಳಿಸಿದಳು.

ಮೂರನೇ ಸಲ ಆರಿದಾಗ ನಾವು ಚಪ್ಪಾಳೆ ತಟ್ಟಿದೆವು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಮೂವತ್ತು ಜನ ಚೆನ್ನಾಗಿ ತಟ್ಟಿದೆವು. ಒಬ್ಬರು ವಿಡಿಯೋ ಮಾಡುತ್ತಿದ್ದರು, ಇನ್ನೊಮ್ಮೆ ಮಾಡಮ್ಮ ಎಂದೂ ಕೇಳಿದರು. ನಾವು ಟಿಕೆಟ್ ಕೊಂಡಿದ್ದೆವು. ಕಣ್ಣಿಗೆ ಬಿದ್ದದ್ದೆಲ್ಲ ಆಟ ಎಂದು ತಿಳಿದಿದ್ದೆವು. ಬಿರಡಕ್ಕ ನಮ್ಮ ಕಡೆ ತಿರುಗಿ ನೋಡಿದಳು. ಜೀವನದಲ್ಲಿ ನನ್ನನ್ನು ಬಹಳ ಜನ ಬೈದಿದ್ದಾರೆ, ಯಾರೂ ಆ ಮಟ್ಟಕ್ಕೆ ಏರಿಲ್ಲ, ಅವಳು ಬಾಯಿ ತೆರೆದೇ ಇರಲಿಲ್ಲ.

ಚಪ್ಪಾಳೆ ಮ್ಯಾನೇಜರಿಗೆ ದಾರಿ ತೋರಿಸಿತು. ಅವರು ಎರಡೂ ಕೈ ಅಗಲಿಸಿ, ನೋಡಿದಿರಲ್ಲ, ಇದು ನಮ್ಮ ಹಿರಿಯರ ಪದ್ಧತಿ, ಇದನ್ನು ನಾವು ತುಂಬಾ ಗೌರವಿಸುತ್ತೇವೆ, ಇನ್ನು ಇಂದಿನ ಪದ್ಧತಿ ನೋಡಿ ಎಂದು ಬಿಳಿ ಉಡುಪಿನಲ್ಲಿದ್ದ ಮಗಳಿಗೆ ಸನ್ನೆ ಮಾಡಿದರು. ಬತ್ತಿ ಮೂರು ಸಲ ಸತ್ತ ಜಾಗಕ್ಕೆ. ಮಾಡಿದ್ದು ಸೊಗಸಾದ ನಿರೂಪಣೆ. ಅವರಿಗೂ ಬತ್ತಿ ಆರಿದ್ದು ಕಂಡಿತ್ತು, ಅದರ ಅರ್ಥ ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಮಗಳು ಒಂದು ಕ್ಷಣ ನಿಂತಳು. ಅವಳಿಗೆ ಬತ್ತಿಯ ಭಾಷೆ ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ಮೂವತ್ತು ಜನ, ಪಕ್ಕದಲ್ಲಿ ಮ್ಯಾನೇಜರು, ಹಿಂದೆ ಹದಿನಾರು ದಿನದ ಹಟ. ಈಗ ಹಿಂದೆ ಸರಿದರೆ ಚಿಕ್ಕಮ್ಮ ಗೆದ್ದ ಹಾಗೆ. ಬಾಗಿಲವರೆಗೆ ಇಣುಕಿ, ಬೆಳಕು ಹಾಯಿಸಿ, ಎರಡು ನಿಮಿಷ ಉಜ್ಜಿದ ಹಾಗೆ ಮಾಡಿ ಬಂದರಾಯಿತು ಅಂದುಕೊಂಡಳಂತೆ. ಆ ಊರಿನಲ್ಲಿ ಹುಟ್ಟಿದವಳು ಅಂದುಕೊಳ್ಳಬಾರದ್ದು. ಮೊಣಕಾಲೂರಿ, ದೀಪ ಹಿಡಿದ ಕೈಯನ್ನು ಕಿವಿಗೆ ಒತ್ತಿ ಒಳಗೆ ಚಾಚಿದಳು. ತಲೆ ಹೋಯಿತು. ಒಂದು ಭುಜ ಹೋಯಿತು.

ಬಿರಡಕ್ಕ ಅವಳನ್ನು ತಡೆಯಲಿಲ್ಲ. ಅಷ್ಟು ಹೊತ್ತಿಗೆ ಅವಳು ಹಗ್ಗವನ್ನು ಮಗಳ ಕಾಲಿಗೆ ಬಿಗಿದು ಆಗಿತ್ತು. ಗಂಟು ಹಾಕಿದ್ದು ನಾವ್ಯಾರೂ ನೋಡಲಿಲ್ಲ, ಬೆರಳುಗಳಿಗೆ ನಲವತ್ತು ವರ್ಷದ ರೂಢಿ. ಗಂಟು ಬಿಗಿಯುತ್ತಲೇ ಬಾಯಿ ತೆರೆದಳು.

"ಲೇ ಮೂಗುಬ್ಬಿ. ಗೊರಕೆ ಹೊಡೆದು ಮನೆ ಹಂಚು ಹಾರಿಸೋಳೇ. ಬಾಣಲೆ ಸೀಯಿಸಿ ಹಿಂದ್ಗಡೆ ಬಚ್ಚಿಟ್ಟಿದೀಯಲ್ಲ, ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಇಸ್ತ್ರಿ ಬಟ್ಟೆ ಹಾಕ್ಕೊಂಡ್ರೆ ಬುದ್ಧಿ ಮಡಿಕೆ ಬಿಚ್ಚಲ್ಲ ಕಣೇ."

ನಮ್ಮ ಗುಂಪಿನಲ್ಲಿ ನಗು ಎದ್ದಿತು. ಮ್ಯಾನೇಜರು ಅಮ್ಮಾ, ಅಮ್ಮಾ ಎಂದು ಕೈ ಆಡಿಸಿದರು. ಅವಳಿಗೆ ಅದು ಕೇಳಿಸಲಿಲ್ಲ. ಅವಳ ತುಟಿ ಎಣಿಸುತ್ತಿತ್ತು. ಒಂದು. ಎರಡು. ಪೀಪಾಯಿಯಿಂದ ಉತ್ತರ ಬರಲಿಲ್ಲ. ಹಟದ ಮೌನವೋ ಇನ್ನೊಂದು ಮೌನವೋ, ಹೊರಗಿನಿಂದ ಎರಡೂ ಒಂದೇ. ಮೂರು. ನಾಲ್ಕು. ನಗು ನಿಂತಿತು. ಹೊರಗುಳಿದಿದ್ದ ಮಗಳ ಎಡಗೈ ಪೀಪಾಯಿಯ ಹಲಗೆಯನ್ನು ಹಿಡಿದಿತ್ತು, ಈಗ ಬೆರಳು ಸಡಿಲವಾಗಿ ಜಾರಿತು.

ಐದನೆಯದನ್ನು ಬಿರಡಕ್ಕ ಎಣಿಸಲಿಲ್ಲ. ಹಿಂದಕ್ಕೆ ಬಿದ್ದು, ಕಾಲುಗಳನ್ನು ಪೀಪಾಯಿಗೆ ಒದ್ದು, ಮೈಯ ಭಾರವೆಲ್ಲ ಹಾಕಿ ಹಗ್ಗ ಎಳೆದಳು.

ಮಗಳು ಗಲ್ಲ ತರಚಿಕೊಂಡು ಹೊರಗೆ ಬಂದು ಕಲ್ಲು ನೆಲದ ಮೇಲೆ ಬಿದ್ದಳು. ಮುಖ ಬಿಳಿಚಿತ್ತು, ಕಣ್ಣು ಮೂಗಿನಿಂದ ನೀರು. ಬಿರಡಕ್ಕ ಅವಳ ಕೆನ್ನೆಗೆ ಹೊಡೆದಳು, ಮತ್ತೊಂದು ಹೊಡೆದಳು, ಹೊಡೆಯುತ್ತಲೇ ಬೈಯುತ್ತಿದ್ದಳು. ಆ ಬೈಗುಳವನ್ನು ಬರೆಯಲಾರೆ, ಅದರಲ್ಲಿ ಅರ್ಧ ಅಳು. ಒಮ್ಮೆ ಉಸಿರು ಎಳೆದ ಸದ್ದು, ಕೆಮ್ಮು, ಮತ್ತೆ ಉಸಿರು. ಆಮೇಲೆ ಹದಿನೇಳನೇ ದಿನದ ಆ ಮೊದಲ ಮಾತು:

"ಬಾಣಲೆ ಸೀಯಿಸಿದ್ದು ನೀನೇ ಕಣೇ, ಮುದಿ ಗೂಬೆ."

ಬಿರಡಕ್ಕ ನೆಲದ ಮೇಲೇ ಕುಸಿದು ಕೂತಳು. ಎರಡೂ ಕೈಯಲ್ಲಿ ಮಗಳ ಕಾಲು ಹಿಡಿದಿದ್ದಳು, ಹಗ್ಗ ಕಟ್ಟಿದ ಕಾಲು. "ಇನ್ನೊಂದ್ಸಲ ಬೈಯಿ," ಎಂದಳು. ಮಗಳು ಬೈದಳು. "ಇನ್ನೊಂದು." ಅದೂ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬ್ಯಾಟರಿ ದೀಪ ಒಳಗೇ ಬಿದ್ದುಹೋಗಿತ್ತು. ಆ ಪುಟ್ಟ ಬಾಗಿಲಿನಿಂದ ಬೆಳ್ಳನೆಯ ಬೆಳಕು ನಮ್ಮ ಕಾಲ ಮೇಲೆ ಬೀಳುತ್ತಿತ್ತು. ಉಸಿರಿಲ್ಲದ ಜಾಗದಲ್ಲಿ ಅದು ಹಾಯಾಗಿ ಉರಿಯುತ್ತಿತ್ತು, ಪೆಟ್ಟಿಗೆಯ ಮೇಲೆ ಬರೆದ ಹಾಗೆಯೇ. ಮ್ಯಾನೇಜರು ಬಗ್ಗಿ ಅದನ್ನು ನೋಡಿದರು. ಏನಾದರೂ ಹೇಳಲೇಬೇಕಲ್ಲ ಎಂದೋ ಏನೋ, ದೀಪ ಕಂಪನಿಯದ್ದು, ಹೊರಗೆ ತೆಗೆಯಬೇಕಲ್ಲ ಎಂದರು.

ಮಗಳು ಗೋಡೆಗೆ ಒರಗಿ ಮುಖ ಒರೆಸಿಕೊಳ್ಳುತ್ತಿದ್ದಳು. ಎದೆಯ ಮೇಲಿನ ಕಂಪನಿಯ ಹೆಸರಿಗೆ ಗಲ್ಲದ ರಕ್ತ ಹತ್ತಿತ್ತು.

"ಬೆಳಕು ಚೆನ್ನಾಗಿದ್ಯಲ್ಲ ಸಾರ್," ಎಂದಳು. "ನೀವೇ ಹೋಗಿ ತನ್ನಿ."

ಮೂವತ್ತು ಜನ ಮ್ಯಾನೇಜರ ಕಡೆ ನೋಡಿದೆವು. ಅವರು ಆ ಬಾಗಿಲ ಕಡೆ ನೋಡಿದರು. ತಮ್ಮ ಭುಜದ ಅಗಲ ನೋಡಿಕೊಂಡರೋ, ಬತ್ತಿಯ ಅರ್ಥ ಈಗ ಹೊಳೆಯಿತೋ, ಅಂತೂ ಒಂದು ಹೆಜ್ಜೆ ಹಿಂದಕ್ಕಿಟ್ಟರು. ಆಮೇಲೆ ನಮ್ಮನ್ನು ರುಚಿ ನೋಡುವ ಕೋಣೆಗೆ ಕರೆದೊಯ್ದರು. ಲೋಟಗಳನ್ನು ಸಾಲಾಗಿ ಇಟ್ಟಿದ್ದರು. ಒಬ್ಬರಿಬ್ಬರು ಕುಡಿದರು. ನಾನು ಲೋಟ ಮುಟ್ಟದೆ ಮೆಟ್ಟಿಲು ಹತ್ತಿ ಹೊರಗೆ ಬಂದೆ. ಕೆಳಗೆ ಚೀಟಿ ಅಂಟಿಸುವವರು, ಬಾಟಲಿ ತೊಳೆಯುವವರು ಎಲ್ಲ ಕೈ ಒರೆಸಿಕೊಳ್ಳುತ್ತ ಆ ಪೀಪಾಯಿಯ ಮುಂದೆ ಸೇರುತ್ತಿದ್ದರು. ಗಾಳಿ ಅಳೆಯುವ ಮಷೀನು ಬರುವವರೆಗೂ ಒಬ್ಬಳೂ ಒಳಗೆ ಇಳಿಯುವುದಿಲ್ಲ ಎಂದು ಅವರು ಹೇಳಿದ್ದು, ಎಂಟು ತಿಂಗಳಿಂದ ಬರುತ್ತಿದ್ದ ಮಷೀನು ಎಂಟೇ ದಿನದಲ್ಲಿ ಬಂದದ್ದು, ಎರಡೂ ನನಗೆ ಆಮೇಲೆ ತಿಳಿದವು. ಮ್ಯಾನೇಜರು ಅದರ ಫೋಟೋವನ್ನೂ ಹಾಳೆಯಲ್ಲಿ ಹಾಕಿಸಿದ್ದಾರಂತೆ, ಪರಂಪರೆಯ ಪಕ್ಕದಲ್ಲಿ. ದೀಪ ಮಾತ್ರ ಎರಡು ದಿನ ಪೂರ್ತಿ ಉರಿಯಿತು, ಯಾರಿಗಾಗಿಯೋ.

ಆ ಮಧ್ಯಾಹ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿರಡಕ್ಕನ ಮನೆ ಹುಡುಕಿಕೊಂಡು ಹೋದೆ. ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಚಿಕ್ಕಮ್ಮ ಮೆಟ್ಟಿಲ ಮೇಲೆ ಬಟಾಣಿ ಬಿಡಿಸುತ್ತ, ಎರಡು ನಿಮಿಷಕ್ಕೊಮ್ಮೆ ಕುತ್ತಿಗೆ ತಿರುಗಿಸಿ ಒಳಗೆ ಒಂದು ಬೈಗುಳ ಎಸೆಯುತ್ತಿದ್ದಳು. ಒಳಗಿನಿಂದ ಒಂದು ತಿರುಗಿ ಬರುತ್ತಿತ್ತು. ಅದು ಬಂದ ಮೇಲೆಯೇ ನನ್ನ ಜೊತೆ ಮಾತು ಮುಂದುವರಿಸುತ್ತಿದ್ದಳು. ಹೀಗೆ ತುಂಡು ತುಂಡಾಗಿ ಈ ಕಥೆಯೆಲ್ಲ ಹೇಳಿದಳು. ಧಣಿಯ ಮೇಲೆ ಸಿಟ್ಟು, ಕಾಗದದ ಮೇಲೆ ಸಿಟ್ಟು, ಅಡುಗೆಮನೆಯಲ್ಲಿ ತಾನಾಡಿದ ಆ ಒಂದು ಮಾತಿನ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಮಗಳ ಕ್ಷಮೆ ಕೇಳಿದಿರಾ ಎಂದೆ. ಬೈದೆ ಎಂದಳು, ಅಷ್ಟು ಸಾಕು ಎಂಬಂತೆ.

ಏಳುವ ಹೊತ್ತಿಗೆ ಅವಳು ನನ್ನ ಮುಖವನ್ನೇ ನೋಡುತ್ತ, "ಬೆಳಿಗ್ಗೆ ನೀವೂ ತಟ್ಟಿದ್ರಲ್ಲ," ಎಂದಳು.

ನಾನು ಚೀಲದ ದಾರ ಸರಿಮಾಡಿಕೊಂಡೆ. ಬೀದಿಯ ಕಡೆ ನೋಡಿದೆ. ತುಟಿಯ ಮೇಲೆ ಯಾರೋ ಬೆರಳಿಟ್ಟ ಹಾಗಾಗಿತ್ತು.

"ಉತ್ತರ ಕೊಡಿ. ಸುಮ್ನಿದ್ರೆ ಹಗ್ಗ ಎಳಿಯೋಳು ನಾನು."

"ತಟ್ಟಿದೆ," ಎಂದೆ.

ಅವಳು ತಲೆಯಾಡಿಸಿ ನನ್ನನ್ನು ಬೈಯಲು ಶುರುಮಾಡಿದಳು. ಬಸ್ಸು ಹೊರಟುಹೋಯಿತು.